ಬುಕಾನನ್ ಬಂದರಿನಲ್ಲಿ ಅದಿರಿನ ತೇವ ಅಳೆಯುತ್ತಾ

2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸಂಡೂರು, ಹೊಸಪೇಟೆ ಕಡೆಯ ಅದಿರು ಲ್ಯಾಬ್‌ಗಳಲ್ಲಿ ಕೆಲಸ ಮಾಡುತ್ತಿದ್ದ ನಮ್ಮಂಥವರಿಗೆ ಕೈಯಲ್ಲಿ ಕೆಲಸವೇ ಇಲ್ಲದಂತಾಯಿತು. ಕೆಲವರು ಒಡಿಶಾ ಕಡೆ ಹೋದರು, ಕೆಲವರು ಸಿಮೆಂಟ್ ಫ್ಯಾಕ್ಟರಿ ಸೇರಿದರು. ನನಗೆ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಲೈಬೀರಿಯಾ. ಅದಿರಿನ ತಪಾಸಣೆ ಮಾಡುವ ಒಂದು ಗುತ್ತಿಗೆ ಕಂಪನಿಗೆ ಬುಕಾನನ್ ಬಂದರಿನಲ್ಲಿ ಲ್ಯಾಬ್ ನೋಡಿಕೊಳ್ಳುವವರು ಬೇಕಿತ್ತು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹೊರಟೆ.

ಲೈಬೀರಿಯಾ ಅಂದರೆ ಯುದ್ಧ ಅಂತಷ್ಟೇ ನಮ್ಮ ಕಡೆ ಗೊತ್ತು. ಆದರೆ ಅದು ಹಳೆಯ ಕಬ್ಬಿಣದ ದೇಶ. ಬೋಮಿ ಹಿಲ್ಸ್‌ನಿಂದ 1951ರಲ್ಲೇ ಅದಿರು ಹೊರಗೆ ಹೋಗಿತ್ತು. 1963ರಲ್ಲಿ ಸ್ವೀಡನ್, ಅಮೆರಿಕದ ಪಾಲುದಾರಿಕೆಯ ಲಾಮ್ಕೊ ಕಂಪನಿ ನಿಂಬಾ ಬೆಟ್ಟದ ಅದಿರನ್ನು ಹಡಗಿಗೆ ತುಂಬಿತು. ಯೆಕೆಪಾ ಅನ್ನುವ ಊರನ್ನೇ ಕಟ್ಟಿ, ಅಲ್ಲಿಂದ ಬುಕಾನನ್‌ವರೆಗೆ ಸುಮಾರು 250 ಕಿ.ಮೀ. ರೈಲು ಹಾಕಿದ್ದರು. ಆಗ ಆಫ್ರಿಕಾದ ದೊಡ್ಡ ಅದಿರು ರಫ್ತುದಾರ ದೇಶಗಳಲ್ಲಿ ಲೈಬೀರಿಯಾ ಒಂದು.

1989ರ ಡಿಸೆಂಬರ್ 24ರಂದು ಚಾರ್ಲ್ಸ್ ಟೇಲರ್‌ನ ಪಡೆ ಐವರಿ ಕೋಸ್ಟ್ ಗಡಿ ದಾಟಿ ಒಳಗೆ ಬಂತು. ಬಂದಿದ್ದು ನಿಂಬಾ ಕೌಂಟಿಗೇ. ಗಣಿ ಇದ್ದ ಜಿಲ್ಲೆಯಿಂದಲೇ ಯುದ್ಧ ಶುರುವಾಯಿತು ಅನ್ನಿ. ಮಧ್ಯೆ ಸ್ವಲ್ಪ ಕಾಲ ತಣ್ಣಗಾಗಿ, ಮತ್ತೆ ಹೊತ್ತಿಕೊಂಡು, 2003ರ ಆಗಸ್ಟ್‌ನಲ್ಲಿ ಅಕ್ರಾ ಒಪ್ಪಂದದೊಂದಿಗೆ ಮುಗಿಯಿತು. ಅಷ್ಟರಲ್ಲಿ ಕಬ್ಬಿಣದಲ್ಲಿ ಕಿತ್ತೊಯ್ಯಲು ಬರುವಂಥದ್ದನ್ನೆಲ್ಲ ಗುಜರಿಗೆ ಹಾಕಿದ್ದರು. ಬೋಮಿ ಕಡೆಯ ರೈಲು ಹಳಿಯೂ ಬಿಟ್ಟಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಉಕ್ಕಿನ ಕಂಪನಿ ಆರ್ಸೆಲರ್ ಮಿತ್ತಲ್ ಯೆಕೆಪಾ-ಬುಕಾನನ್ ಹಳಿ ರಿಪೇರಿ ಮಾಡಿಸಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಮೊದಲ ಹಡಗೂ ಹೋಗಿತ್ತು. ಹೊಸ ಗಣಿ ಟೊಕಾಡೆ ಗುಡ್ಡದಲ್ಲಿ. ಈ ಸುದ್ದಿ ನಮ್ಮ ಪೇಪರ್‌ಗಳಲ್ಲೂ ಬಂದಿರಬೇಕು. ಬರದೇ ಇದ್ದ ಸುದ್ದಿ ಇನ್ನೊಂದಿದೆ, ನನಗೆ ಅದೇ ಜಾಸ್ತಿ ಮುಖ್ಯ. ಹಳಿ ಸರಿಯಾಗುವ ಮೊದಲು ಲೈಬೀರಿಯಾದವರು ಕಾಗದ ಸರಿಮಾಡಿದ್ದರು. 2005ರಲ್ಲಿ ಮಧ್ಯಂತರ ಸರ್ಕಾರ ಮಾಡಿಕೊಂಡ ಗಣಿ ಒಪ್ಪಂದದಲ್ಲಿ ರೈಲು, ಬಂದರು ಎರಡೂ ಕಂಪನಿ ಕೈಗೆ ಹೋಗಿದ್ದವು. ಎಲ್ಲೆನ್ ಜಾನ್ಸನ್ ಸರ್ಲೀಫ್ ಅಧ್ಯಕ್ಷರಾದ ಮೇಲೆ 2006ರಲ್ಲಿ ಮತ್ತೆ ಮಾತುಕತೆಗೆ ಕೂತು ಅವೆರಡನ್ನೂ ಸರ್ಕಾರಕ್ಕೆ ವಾಪಸ್ ಪಡೆದರು. ಗಣಿ, ರೈಲು, ಬಂದರು ಇರುವ ಮೂರು ಕೌಂಟಿಗಳಿಗೆ ವರ್ಷಕ್ಕೆ 30 ಲಕ್ಷ ಡಾಲರ್ ಅಂತ ಬರೆಸಿಕೊಂಡರು. ಕಂಪನಿ ಎಷ್ಟು ಕೊಟ್ಟಿತು, ಸರ್ಕಾರಕ್ಕೆ ಎಷ್ಟು ಬಂತು, ಎರಡನ್ನೂ ತಾಳೆ ಹಾಕಿ ಪ್ರಕಟಿಸುವ ಕಾನೂನು 2009ರಲ್ಲಿ ಬಂತು. ಇಷ್ಟೆಲ್ಲ ಆದಮೇಲೆ ಅದಿರು ಹೊರಟಿದ್ದು. ಆ 30 ಲಕ್ಷ ಹಳ್ಳಿಗೆ ಎಷ್ಟು ಮುಟ್ಟಿತು ಅನ್ನುವ ಜಗಳ ನಾನಿದ್ದಾಗಲೂ ನಡೆಯುತ್ತಿತ್ತು, ಅದು ಬೇರೆ ಮಾತು. ಜಗಳ ಆಡೋಕಾದರೂ ಒಂದು ಅಂಕಿ ಇತ್ತಲ್ಲ.

ನಮ್ಮಲ್ಲಿ ಯುದ್ಧವೇ ಆಗಿರಲಿಲ್ಲ. ಆದರೂ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಓದಿದವರಿಗೆ ಗೊತ್ತು, ಪರ್ಮಿಟ್‌ನಲ್ಲಿ ಬರೆದ ತೂಕವೇ ಬೇರೆ, ಲಾರಿಯಲ್ಲಿ ಹೋದ ತೂಕವೇ ಬೇರೆ. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರೇ ಮಾಯವಾಗಿತ್ತು. ಅಂಥ ಜಾಗದಿಂದ ಬಂದವನು ನಾನು. ಹಾಗಾಗಿ ಲ್ಯಾಬ್ ಕೈಗೆ ಬಂದಾಗ ಮೊದಲು ನೋಡಿದ್ದು ರಿಜಿಸ್ಟರ್. ಓವನ್ ಆಮೇಲೆ.

ಕೆಲಸಕ್ಕೆ ಬಂದವರನ್ನು ನೋಡಿದರೆ ಯುದ್ಧ ಏನು ಮಾಡಿದೆ ಅನ್ನೋದು ಗೊತ್ತಾಗುತ್ತಿತ್ತು. ಲಾಮ್ಕೊ ಕಾಲದಲ್ಲಿ ಕೆಲಸ ಕಲಿತವರು ಐವತ್ತು ದಾಟಿದ್ದರು. ಇನ್ನುಳಿದವರು ಇಪ್ಪತ್ತು ಇಪ್ಪತ್ತೈದರ ಹುಡುಗ ಹುಡುಗಿಯರು, ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು, ಶಾಲೆಯನ್ನು ತುಂಡು ತುಂಡಾಗಿ ಓದಿದವರು. ಮೂವತ್ತೈದು ನಲವತ್ತರ ಫಿಟ್ಟರ್, ಸರ್ವೇಯರ್, ಲ್ಯಾಬ್ ಟೆಕ್ನೀಷಿಯನ್ ಸಿಗೋದೇ ಕಷ್ಟ. ಎಲ್ಲ ಗಣಿಯೂ ನಡೆಯೋದು ಆ ವಯಸ್ಸಿನವರ ಕೈಯಲ್ಲಿ. ಎಂಜಿನಿಯರನ್ನು ವಿಮಾನದಲ್ಲಿ ಕರೆಸಬಹುದು, ಡಂಪರನ್ನು ಹಡಗಿನಲ್ಲಿ ತರಿಸಬಹುದು. ಹದಿನೈದು ವರ್ಷ ಅನುಭವ ಇರುವ ಫಿಟ್ಟರನ್ನು ಎಲ್ಲಿಂದ ತರೋದು?

ಅದಕ್ಕೆ ನಾನು ಪಾಳಿಗಳನ್ನು ಬೇರೆ ಥರ ಹಂಚಿದೆ. ಪ್ರತಿ ಪಾಳಿಯಲ್ಲೂ ಒಬ್ಬ ಹಳೆಯ ಲಾಮ್ಕೊ ಕೈ, ಜೊತೆಗೆ ಇಬ್ಬರು ಹೊಸಬರು. ಹಿರಿಯರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಆದರೆ ಯಾರ್ಡ್‌ನ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ರಾಶಿಯ ಯಾವ ಕಡೆಯಿಂದ ಸ್ಯಾಂಪಲ್ ತೆಗೆದರೆ ಮೋಸ ಹೋಗುತ್ತೇವೆ, ಇದೆಲ್ಲ ಬಾಯಿಪಾಠ. ಹುಡುಗರಿಗೆ ಎಕ್ಸೆಲ್ ಒಂದು ವಾರದಲ್ಲಿ ಬಂತು. ತೇವದ ಶೇಕಡಾ ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ. ಒದ್ದೆ ತೂಕದಿಂದ ಒಣ ತೂಕ ಕಳೆದು, ಒದ್ದೆ ತೂಕದಿಂದಲೇ ಭಾಗಿಸಬೇಕು. ಅವರು ಒಣ ತೂಕದಿಂದ ಭಾಗಿಸುತ್ತಿದ್ದರು. ಒಂದು ದಿನ ಬೋರ್ಡ್ ಬಿಟ್ಟು, ಒಂದು ಕಿಲೋ ಅಕ್ಕಿ ನೆನೆಸಿ, ಬಸಿದು, ತೂಗಿ, ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಿಸಿದೆ. ಮೂರು ಹೊತ್ತೂ ಅನ್ನ ಸಿಕ್ಕರೆ ಸಾಕು ಅನ್ನುವ ಜನ ಅವರು, ನಮ್ಮ ಹಾಗೇ. ಅಕ್ಕಿಯ ಬೆಲೆ ಎಲ್ಲರಿಗೂ ಗೊತ್ತು. ‘ನೀರಿಗೆ ದುಡ್ಡು ಕೊಡ್ತೀರಾ?’ ಅಂದೆ. ಆಮೇಲೆ ಲೆಕ್ಕ ತಪ್ಪಲಿಲ್ಲ.

ತೇವ ಯಾಕೆ ಇಷ್ಟು ಮುಖ್ಯ ಅಂದರೆ, ಕೊಳ್ಳುವವನು ದುಡ್ಡು ಕೊಡೋದು ಒಣ ಟನ್‌ಗೆ. ಒಂದು ಲಕ್ಷ ಟನ್ ಅದಿರಿನಲ್ಲಿ ಶೇ 12 ತೇವ ಇದ್ದರೆ 12,000 ಟನ್ ನೀರನ್ನು ಸುಮ್ನೆ ಬಾಡಿಗೆ ಕೊಟ್ಟು ಸಾಗಿಸಿದ ಹಾಗೆ. ಆದರೆ ದುಡ್ಡಿಗಿಂತ ಹೆಚ್ಚಿನ ಭಯ ಬೇರೆ. ಪುಡಿ ಅದಿರಿನಲ್ಲಿ ತೇವ ಒಂದು ಮಿತಿ ದಾಟಿದರೆ, ಹಡಗಿನ ಅಲುಗಾಟಕ್ಕೆ ಅದು ಕೆಸರಿನ ಹಾಗೆ ಹರಿಯಲು ಶುರುವಾಗುತ್ತದೆ. ಒಂದು ಪಕ್ಕಕ್ಕೆ ಜಾರಿದರೆ ಹಡಗು ಮಗುಚುತ್ತದೆ. 2009ರ ಜುಲೈನಲ್ಲಿ ನಮ್ಮ ಮಂಗಳೂರಿನ ಹತ್ತಿರ ಏಷ್ಯನ್ ಫಾರೆಸ್ಟ್ ಹಡಗು ಅದಿರಿನ ಪುಡಿ ತುಂಬಿಕೊಂಡೇ ಮುಳುಗಿತು. ಸೆಪ್ಟೆಂಬರ್‌ನಲ್ಲಿ ಪಾರಾದೀಪ್ ಹತ್ತಿರ ಬ್ಲ್ಯಾಕ್ ರೋಸ್. ಈ ಎರಡು ಹೆಸರು ನಮ್ಮ ಲ್ಯಾಬಿನ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಇದ್ದವು.

ಬುಕಾನನ್ ಮಳೆಯೋ, ಕೇಳಬೇಡಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸುರಿಯುತ್ತದೆ. ಸಂಡೂರಿನ ಒಣ ಅದಿರು ನೋಡಿದ ನನಗೆ ಅದು ಬೇರೆಯೇ ಲೋಕ. ಟೊಕಾಡೆಯ ಮೇಲ್ಪದರದ ಅದಿರು ಮೆತ್ತಗಿನದು, ನೀರು ಹಿಡಿದುಕೊಳ್ಳುವಂಥದ್ದು. ಅದಕ್ಕೆ ರಾಶಿಯನ್ನು ಚಪ್ಪಟೆಯಾಗಿ ಹರಡಲು ಬಿಡುತ್ತಿರಲಿಲ್ಲ, ನೀರು ಜಾರುವ ಹಾಗೆ ನಡು ಎತ್ತರ ಮಾಡಿಸುತ್ತಿದ್ದೆವು. ಬುಡದ ಸುತ್ತ ಕಾಲುವೆ. ಮಳೆ ನಿಂತ ಕೂಡಲೇ ಮೇಲಿನ ಒದ್ದೆ ಪದರವನ್ನು ಬಕೆಟ್‌ನಿಂದ ಕೆರೆದು ಪಕ್ಕಕ್ಕೆ ಹಾಕಿಸಿ, ಒಳಗಿನದನ್ನು ಮಾತ್ರ ಹಡಗಿಗೆ ತುಂಬುವ ಬೆಲ್ಟಿಗೆ ಕೊಡೋದು. ಲ್ಯಾಬಿನಲ್ಲಿ ಸ್ಯಾಂಪಲ್ 105 ಡಿಗ್ರಿಯಲ್ಲಿ, ತೂಕ ಇಳಿಯೋದು ನಿಲ್ಲುವವರೆಗೆ ಒಣಗಬೇಕು. ಅಷ್ಟು ಹೊತ್ತು ಹಡಗು ಕಾಯುತ್ತದಾ? ಅದಕ್ಕೆ ಜೆಟ್ಟಿಯಲ್ಲೇ ಡಬ್ಬಿ ಪರೀಕ್ಷೆ. ಡಬ್ಬಿಯ ಅರ್ಧಕ್ಕೆ ಅದಿರು ತುಂಬಿ, ಸುಮಾರು 20 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಹೊಳೆದರೆ ಲೋಡಿಂಗ್ ನಿಲ್ಲಿಸಿ, ಲ್ಯಾಬಿನ ಫಲಿತಾಂಶಕ್ಕೆ ಕಾಯಬೇಕು. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ.

ಲೋಡಿಂಗ್ ನಿಲ್ಲಿಸಿ ಅಂತ ಹೇಳೋದೇ ಕಷ್ಟದ ಕೆಲಸ. ಇಪ್ಪತ್ತೆರಡರ ಹುಡುಗಿ ಕೈಯಲ್ಲಿ ಡಬ್ಬಿ ಹಿಡಿದು, ಗಂಟೆಗೆ ಸಾವಿರಾರು ಡಾಲರ್ ಲೆಕ್ಕ ಹಾಕುವವರ ಮುಂದೆ ಬೇಡ ಅನ್ನಬೇಕು. ಅದಕ್ಕೆ ನಾನು ಒಂದೇ ನಿಯಮ ಇಟ್ಟೆ. ಪರೀಕ್ಷೆ ಮಾಡಿದವರೇ ಸಹಿ ಹಾಕಬೇಕು. ಅವರ ಅಂಕಿಯ ಮೇಲೆ ನಾನೂ ತಿದ್ದುವ ಹಾಗಿಲ್ಲ. ವೈಟ್ನರ್ ಇಲ್ಲ, ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯೋದು. ಮೊದಲ ಸಲ ಆ ಹುಡುಗಿ ಬೆಲ್ಟ್ ನಿಲ್ಲಿಸಿದಾಗ ಫೋನ್ ನನಗೆ ಬಂತು. ‘ಸಹಿ ಅವಳದು, ಅವಳನ್ನೇ ಕೇಳಿ’ ಅಂದೆ. ಸ್ವಲ್ಪ ಕೂಗಾಟ ಆಯಿತು. ಬೆಲ್ಟ್ ಮಾತ್ರ ಮರುದಿನದವರೆಗೂ ತಿರುಗಲಿಲ್ಲ.

2014ರ ಮಾರ್ಚ್‌ನಲ್ಲಿ ಉತ್ತರದ ಲೋಫಾ ಕೌಂಟಿ ಕಡೆಯಿಂದ ಎಬೋಲಾ ಸುದ್ದಿ ಬಂತು. ಆಗಸ್ಟ್‌ನಲ್ಲಿ ತುರ್ತು ಪರಿಸ್ಥಿತಿ. ಗಣಿಯ ವಿಸ್ತರಣೆ ಕೆಲಸಕ್ಕೆ ಬಂದಿದ್ದ ವಿದೇಶಿ ಗುತ್ತಿಗೆದಾರರು ಹೊರಟುಹೋದರು, ನನ್ನ ಕಂಪನಿಯೂ ನನ್ನನ್ನು ವಾಪಸ್ ಕಳಿಸಿತು. ಗಣಿ ನಿಲ್ಲಲಿಲ್ಲ. ಬಾಗಿಲಲ್ಲಿ ಕ್ಲೋರಿನ್ ಬಕೆಟ್ ಇಟ್ಟುಕೊಂಡು ಆ ಮಳೆಗಾಲವನ್ನು ನಮ್ಮ ಪಾಳಿಗಳವರೇ ನಡೆಸಿದರು. ಕಾಯಿಲೆ ಇಳಿಯುವ ಹೊತ್ತಿಗೆ ಬೆಲೆ ಬಿತ್ತು. 2011ರಲ್ಲಿ ಟನ್‌ಗೆ 180 ಡಾಲರ್ ದಾಟಿದ್ದ ಅದಿರು 2015ರ ಕೊನೆಗೆ 40ರ ಹತ್ತಿರ ಬಂತು.

ಎಬೋಲಾದಿಂದ ನಿಂತಿದ್ದ ಆ ವಿಸ್ತರಣೆ ಕೆಳಪದರದ ಅದಿರಿಗಾಗಿ. ಅದನ್ನು ಅರೆದು, ಕಬ್ಬಿಣದ ಅಂಶ ಬೇರ್ಪಡಿಸಿಯೇ ಮಾರಬೇಕು, ನಮ್ಮ ಕುದುರೆಮುಖದಲ್ಲಿ ಮಾಡುತ್ತಿದ್ದ ಹಾಗೆ. ಅರೆದ ಅದಿರಿನ ತೇವದ ನಡತೆಯೇ ಬೇರೆ. ಈಚೆಗೆ ಆ ಹುಡುಗಿ, ಈಗ ಪಾಳಿಯ ಮುಖ್ಯಸ್ಥೆ, ಅದರ ಬಗ್ಗೆ ವಾಟ್ಸ್ಯಾಪ್‌ನಲ್ಲಿ ಕೇಳಿದಳು. ನನಗೆ ಅದರ ಅನುಭವ ಇಲ್ಲ. ಕುದುರೆಮುಖದಿಂದ ನಿವೃತ್ತರಾದ ಒಬ್ಬ ಹಿರಿಯರು ಮಂಗಳೂರಿನಲ್ಲಿದ್ದಾರೆ, ಅವರ ನಂಬರ್ ಕೊಟ್ಟಿದ್ದೇನೆ.