ಸೀಟು ಸಿಕ್ಕ ಮೇಲೆ ಉಳಿದ ಅರ್ಜಿಗಳನ್ನು ಏನು ಮಾಡಿದೆವು

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಕಂಪ್ಯೂಟರ್ ಸೈನ್ಸ್‌ಗೆ ಎಂಟು ಕಡೆ ಅರ್ಜಿ ಹಾಕಿದ್ದಳು. ಪೆನ್ ಸ್ಟೇಟ್, ಪರ್ಡ್ಯೂ, ರಟ್ಗರ್ಸ್ ಯೂನಿವರ್ಸಿಟಿ ಮೂರಕ್ಕೂ ನವೆಂಬರ್ 1ರ ಅರ್ಲಿ ಆಕ್ಷನ್, ಅಂದರೆ ಬೇಗ ಅರ್ಜಿ ಹಾಕಿ ಬೇಗ ಉತ್ತರ ಪಡೆಯುವ ದಾರಿ. ಉಳಿದ ಐದರ ಉತ್ತರ ಮಾರ್ಚ್‌ನಲ್ಲಿ ಬರಬೇಕಿತ್ತು. ಕ್ರಿಸ್‌ಮಸ್‌ಗೆ ಮೊದಲು ಪೆನ್ ಸ್ಟೇಟ್ ಸಿಕ್ಕಿತು. ಜನವರಿ ಮುಗಿಯುವಷ್ಟರಲ್ಲಿ ಉಳಿದೆರಡೂ ಬಂದವು. ಮನೆಯಲ್ಲಿ ಹೋಳಿಗೆ ಮಾಡಿದೆ. ಮರುದಿನವೇ ಅವಳು ಕೇಳಿದಳು: "ಅಮ್ಮಾ, ಉಳಿದ ಐದನ್ನ ವಾಪಸ್ ತಗೊಂಡುಬಿಡ್ಲಾ?"

ಪಕ್ಕದ ಮನೆ ಹುಡುಗನಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವನದು ಅರ್ಲಿ ಡಿಸಿಷನ್. ಅದಕ್ಕೆ ಹುಡುಗ, ಹೆತ್ತವರು, ಶಾಲೆಯ ಕೌನ್ಸೆಲರ್ ಎಲ್ಲರೂ ಸಹಿ ಹಾಕಿರುತ್ತಾರೆ. ಸೀಟು ಸಿಕ್ಕಿ, ಖರ್ಚಿನ ಲೆಕ್ಕವೂ ಹೊಂದಿದರೆ ಬೇರೆ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳಲೇಬೇಕು. ಅರ್ಲಿ ಆಕ್ಷನ್‌ನಲ್ಲಿ ಆ ಕಟ್ಟುಪಾಡಿಲ್ಲ. ಯಾವುದಕ್ಕೆ ಸೇರುವುದು ಅಂತ ತೀರ್ಮಾನಿಸಲು ಮೇ 1ರವರೆಗೆ ಸಮಯ ಇರುತ್ತದೆ.

ನಮ್ಮವರು "ಫೀಸು ಕಟ್ಟಿ ಆಗಿದೆ, ಇರಲಿ ಬಿಡು" ಎಂದರು. ಹಾಸನದಿಂದ ಅತ್ತೆ ವಿಡಿಯೋ ಕಾಲ್‌ನಲ್ಲಿ, "ಸಿಕ್ಕಿದೆಯಲ್ಲ, ಇನ್ನೂ ಯಾಕಮ್ಮ ಆ ಮಗೂನ ಕಾಯಿಸ್ತೀರಿ?" ಎಂದರು. ಕೌನ್ಸೆಲರ್ ಮಾತ್ರ ಒಂದು ಒಳ್ಳೆ ಮಾತು ಹೇಳಿದರು. ಪ್ರವೇಶ ಪತ್ರ ನೋಡಿ ತೀರ್ಮಾನಿಸಬೇಡಿ, ಸ್ಕಾಲರ್‌ಶಿಪ್ ಎಷ್ಟು ಅಂತ ಲಿಖಿತವಾಗಿ ಬರಲಿ ಎಂದರು. ಕಾದೆವು.

ಪತ್ರಗಳು ಬಂದ ಮೇಲೆ ಒಂದು ಭಾನುವಾರ ತಿಂಡಿ ಮುಗಿಸಿ ಊಟದ ಮೇಜಿನ ಮುಂದೆ ಕೂತೆವು. ಹಾಳೆಯಲ್ಲಿ ಐದು ಹೆಸರು ಬರೆದೆವು. ಸಿಕ್ಕ ಮೂರರಲ್ಲಿ ಪರ್ಡ್ಯೂ ಮುಂದಿತ್ತು, ಹಾಗಾಗಿ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಸಿಕ್ಕರೆ ಪರ್ಡ್ಯೂ ಬಿಟ್ಟು ಹೋಗ್ತೀಯಾ? ಸಿಗುತ್ತೋ ಇಲ್ಲವೋ ಅನ್ನೋದನ್ನು ಎತ್ತಲೇ ಇಲ್ಲ. ಸಿಕ್ಕರೂ ಹೋಗಲ್ಲ ಅಂದಮೇಲೆ ಸುಮ್ನೆ ಯಾಕೆ ಇಟ್ಟುಕೊಳ್ಳಬೇಕು, ಅಲ್ವಾ?

ಪರ್ಡ್ಯೂ 2013ರಿಂದ ಟ್ಯೂಷನ್ (ಬೋಧನಾ ಶುಲ್ಕ) ಏರಿಸಿಲ್ಲ. ನಮ್ಮಂಥ ಹೊರ ರಾಜ್ಯದವರಿಗೂ ಟ್ಯೂಷನ್, ಇತರ ಶುಲ್ಕ ಸೇರಿ ವರ್ಷಕ್ಕೆ 30,000 ಡಾಲರ್ ಆಸುಪಾಸು. ಐದರಲ್ಲಿ ಎರಡು ಯುಸಿಗಳು, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು. ಅಲ್ಲಿ ಹೊರ ರಾಜ್ಯದವರು ಮಾಮೂಲಿ ಶುಲ್ಕದ ಮೇಲೆ ಇನ್ನೂ 34,000 ಡಾಲರ್‌ಗೂ ಜಾಸ್ತಿ ಕಟ್ಟಬೇಕು. ಸಾಲ ಮಾಡದೆ ನಮಗೆ ಆಗದ ಮಾತು. ಒಂದೊಂದಕ್ಕೆ ಕಟ್ಟಿದ್ದ 80 ಡಾಲರ್ ಅರ್ಜಿ ಫೀಸು ಹೋಯಿತು. ಆದರೆ ಅರ್ಜಿ ಇಟ್ಟುಕೊಂಡರೂ ಆ ದುಡ್ಡು ವಾಪಸ್ ಬರುವುದಿಲ್ಲವಲ್ಲ. ಎರಡನ್ನೂ ಹೊಡೆದುಹಾಕಿದಳು.

ಮೂರನೆಯ ಹೆಸರಿನ ಹತ್ತಿರ ಪೆನ್ನು ನಿಂತಿತು. "ಹೋಗ್ತೀನಿ" ಅಂತ ಬರೆದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ನನ್ನ ಫ್ರೆಂಡ್ ಹಾಕಿದ್ಳು ಅಂತ ಹಾಕಿದ್ದೆ ಅಮ್ಮಾ" ಎಂದಳು. ಬರೆದಿದ್ದನ್ನು ತಾನೇ ಗೀಟು ಹಾಕಿ ಅಳಿಸಿದಳು. ನಾನು ಏನೂ ಹೇಳಲಿಲ್ಲ. ಇಂಥ ಜಾಗದಲ್ಲಿ ಹೆತ್ತವರು ಬಾಯಿ ಮುಚ್ಚಿಕೊಂಡಿರಬೇಕು ಅಂತ ನನ್ನ ಅಭಿಪ್ರಾಯ.

ಕಾರ್ನೆಗಿ ಮೆಲನ್ ಮತ್ತು ಬಾಸ್ಟನ್‌ನ ಒಂದು ಕಾಲೇಜು ಉಳಿದವು. ಎರಡಕ್ಕೂ ಮನಸಾರೆ ಹೋಗುತ್ತಿದ್ದಳು. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳ ವೆಬ್‌ಸೈಟಿನಲ್ಲಿ 2011ರಿಂದ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಲೇಬೇಕು. ಸಹಾಯಧನ ಕಳೆದು ನಾವು ನಿಜಕ್ಕೂ ಎಷ್ಟು ಕಟ್ಟಬೇಕಾಗಬಹುದು ಅನ್ನುವ ಅಂದಾಜನ್ನು ಅದು ಕೊಡುತ್ತದೆ. ಅದರಲ್ಲಿ ನಮ್ಮ ಆದಾಯ ಹಾಕಿ ನೋಡಿದೆವು. ಕಷ್ಟ, ಆದರೆ ಸಾಧ್ಯವೇ ಇಲ್ಲ ಅನ್ನುವ ಹಾಗಿರಲಿಲ್ಲ. ಇಟ್ಟುಕೊಂಡೆವು.

ಹಿಂತೆಗೆದುಕೊಳ್ಳುವ ಕೆಲಸ ಐದು ನಿಮಿಷದ್ದು. ಎರಡು ಪೋರ್ಟಲ್‌ಗಳಲ್ಲಿ ಅದಕ್ಕೇ ಲಿಂಕ್ ಇತ್ತು. ಒತ್ತಿದರೆ ಮತ್ತೆ ತೆರೆಯಲು ಆಗಲ್ಲ ಅಂತ ತೆರೆಯ ಮೇಲೆ ಬಂತು. ಮಗಳು ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೇ ಒತ್ತಿದಳು. ಇನ್ನೊಂದಕ್ಕೆ ಹೆಸರು, ಅರ್ಜಿ ಸಂಖ್ಯೆ ಬರೆದು ಎರಡು ಸಾಲಿನ ಇಮೇಲ್ ಕಳಿಸಿದಳು. ಕೌನ್ಸೆಲರ್‌ಗೂ ತಿಳಿಸಿದಳು, ಆ ಮೂರಕ್ಕೆ ಅಂಕಪಟ್ಟಿ ಕಳಿಸುವ ಕೆಲಸ ಅವರಿಗೆ ತಪ್ಪಿತು.

ಮಾರ್ಚ್ ಕೊನೆಗೆ ಒಂದು ಕಡೆ ಇಲ್ಲ ಎಂದರು. ಇನ್ನೊಂದು ಕಡೆ ಸಿಕ್ಕಿತು, ಆದರೆ ಕೊಟ್ಟ ಸಹಾಯ ಸಾಲಲಿಲ್ಲ. ಏಪ್ರಿಲ್ ಮೂರನೇ ವಾರ ಪರ್ಡ್ಯೂಗೆ ಡೆಪಾಸಿಟ್ ಕಟ್ಟಿದೆವು. ಅದೇ ಸಂಜೆ ಉಳಿದ ಮೂರು ಸೀಟುಗಳನ್ನೂ ಬಿಟ್ಟುಕೊಟ್ಟಳು. ಮೇ 1ರವರೆಗೆ ಟೈಮ್ ಇದೆಯಲ್ಲ ಎಂದೆ. ಅವಳ ಕ್ಲಾಸಿನ ಹುಡುಗಿಯೊಬ್ಬಳು ಅವುಗಳಲ್ಲೊಂದರ ವೇಟ್‌ಲಿಸ್ಟ್‌ನಲ್ಲಿ, ಅಂದರೆ ಸೀಟು ಖಾಲಿಯಾದರೆ ಕರೆಯುವವರ ಪಟ್ಟಿಯಲ್ಲಿ, ಇದ್ದಳಂತೆ.