ಬೆಳಿಗ್ಗೆ ಒಂಬತ್ತಕ್ಕೆ ನನ್ನ ರಾತ್ರಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಒಂದು ಬೆಳಿಗ್ಗೆ ಸ್ಕೂಟಿ ಓಡಿಸುತ್ತಿರುವಾಗಲೇ ನನಗೆ ಜೋಂಪು ಹತ್ತಿತು. ಆಸ್ಪತ್ರೆಯಲ್ಲಿ ನರ್ಸ್ ನಾನು. ಸತತ ಐದನೇ ನೈಟ್ ಡ್ಯೂಟಿ ಮುಗಿಸಿ, ಬೆಳಗಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸಿ ಎಂಟೂವರೆಗೆ ಹೊರಟಿದ್ದೆ. ಕಣ್ಣು ಬಿಟ್ಟಾಗ ಗಾಡಿ ಡಾಂಬರು ಬಿಟ್ಟು ಮಣ್ಣಿಗಿಳಿದಿತ್ತು, ಹಿಂದಿನ ಬಸ್ಸಿನವರು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮನೆಗೆ ಬಂದು ಮಗನ ತಲೆ ಬಾಚುವಾಗ ಮಾತ್ರ ಕೈ ನಡುಗುತ್ತಿತ್ತು.

ಅಲ್ಲಿಯವರೆಗೆ ನನ್ನ ನಿದ್ದೆ ಅಂದರೆ ಮನೆಗೆಲಸ ಮುಗಿದ ಮೇಲೆ ಉಳಿದಷ್ಟು ಹೊತ್ತು. ಬಂದವಳೇ ಬಟ್ಟೆ ನೆನೆಹಾಕಿ, ಅಡುಗೆ ಮಾಡಿ, ಹನ್ನೊಂದೂವರೆಗೆ ಮಲಗಿದರೆ ಎರಡೂವರೆಗೆ ಮಗ ಬಂದು ಎಬ್ಬಿಸುತ್ತಿದ್ದ. ದಿನಕ್ಕೆ ಮೂರು ಗಂಟೆ. ರೋಗಿಗೆ ಔಷಧಿ ಒಂದು ಡೋಸ್ ತಪ್ಪಿದರೆ ಓಡಾಡುವ ನಾನು ನನ್ನ ನಿದ್ದೆಯನ್ನು ಡೋಸ್ ಅಂತ ಎಣಿಸಿಯೇ ಇರಲಿಲ್ಲ.

ಇನ್ನು ಮೇಲೆ ಬಂದ ಕೂಡಲೇ ಮಲಗುತ್ತೇನೆ ಅಂತ ಅತ್ತೆಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹೆಣ್ಣುಮಕ್ಕಳು ಹಗಲು ಮಲಗಿದರೆ ಮನೆಗೆ ಏಳಿಗೆಯಿಲ್ಲ ಎಂಬ ಮಾತು ಕೇಳಿಕೊಂಡೇ ಬೆಳೆದವರು ಅವರು. ಅವರ ಮೇಲೆ ನನಗೆ ಕೋಪವಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ವಾರ ಅವರು ಮಲಗಿದ ಗಂಟೆ, ನಾನು ಮಲಗಿದ ಗಂಟೆ ಎರಡನ್ನೂ ಬರೆದಿಟ್ಟು ತೋರಿಸಿದೆ. "ಅತ್ತೆ, ನೀವು ರಾತ್ರಿ ಒಂಬತ್ತಕ್ಕೆ ಮಲಗ್ತೀರ. ನನಗೆ ಬೆಳಿಗ್ಗೆ ಒಂಬತ್ತೇ ರಾತ್ರಿ ಒಂಬತ್ತು." ಸ್ವಲ್ಪ ಹೊತ್ತು ಕ್ಯಾಲೆಂಡರನ್ನೇ ನೋಡಿ, "ಹಂಗಾದ್ರೆ ಮಟಮಟ ಮಧ್ಯಾಹ್ನ ಅಂದ್ರೆ ನಿಂಗೆ ಸರೊತ್ತು ಅನ್ನವ್ವ" ಅಂದರು. ಮರುದಿನದಿಂದ ಅಡುಗೆಗೆ ಅವರೇ ನಿಂತರು. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯವರಿಗೆ, "ಅವಳಿಗೀಗ ಸರೊತ್ತು, ನಾಲ್ಕು ಗಂಟೆ ಮೇಲೆ ಬಾ" ಅನ್ನುವುದು ನಿದ್ದೆಗಣ್ಣಲ್ಲೇ ಕೇಳಿಸಿತು.

ಕೋಣೆಯ ಕಿಟಕಿಗೆ ನಮ್ಮವರು ಕರಿ ಕಂಬಳಿ ಹೊಡೆದುಕೊಟ್ಟರು. ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಕತ್ತಲಲ್ಲಿ ಒಸರುತ್ತದೆ, ಬೆಳಕು ಬಿದ್ದರೆ ಇಳಿಯುತ್ತದೆ. ಬೆಳಗಿನ ಬಿಸಿಲು ಮೈಗೆ 'ಏಳು' ಅಂತ ಹೇಳಿಬಿಡುತ್ತದೆ. ಹಾಗಾಗಿ ನೈಟ್ ಇರುವ ದಿನ ಸ್ಕೂಟಿ ಮುಟ್ಟುವುದಿಲ್ಲ; ಕಪ್ಪು ಕನ್ನಡಕ ಹಾಕಿ ಬಸ್ಸಿನಲ್ಲಿ ಬರುತ್ತೇನೆ. ಈಗ ಆರು ಗಂಟೆ ನಿದ್ದೆ ಸಿಗುತ್ತಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲೇ 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿತ್ತು. 2019ರಲ್ಲಿ ಮತ್ತೆ ಪರಿಶೀಲಿಸಿ ರಾತ್ರಿ ಪಾಳಿಯನ್ನು ಅದೇ ಗುಂಪಿನಲ್ಲಿ ಉಳಿಸಿತು. ಹೊಸದಾಗಿ ಸೇರುವ ಹುಡುಗಿಯರಿಗೆ ಇದನ್ನು ಮುಚ್ಚಿಡಬಾರದು. ಮುಟ್ಟು ಏರುಪೇರಾದರೆ, ಬಿಪಿ, ಸಕ್ಕರೆ ಏರಿದರೆ ಸುಮ್ಮನಿರಬೇಡಿ ಅಂತ ನಾನೇ ಕೂರಿಸಿ ಹೇಳುತ್ತೇನೆ.

ಊಟ ಬದಲಿಸಿದ್ದು ಸುಲಭವಾಗಿತ್ತು. ಮುದ್ದೆ ಸಾರು ಏಳು ಗಂಟೆಗೆ ಮನೆಯಲ್ಲೇ. ರಾತ್ರಿ ಒಂದಕ್ಕೆ ಮೊಸರವಲಕ್ಕಿ, ಒಂದು ಬಾಳೆಹಣ್ಣು, ಆಮೇಲೆ ಬರೀ ನೀರು, ಮಜ್ಜಿಗೆ. ಮೂರು ಗಂಟೆಯ ಬಿಸ್ಕತ್ತು ಬಿಟ್ಟಮೇಲೆ ಎದೆಯುರಿ ಹೋಯಿತು. ಕಾಫಿ ಬಿಡಲಾರೆ, ಕಾಫಿ ಸೀಮೆಯವಳು ನಾನು. ಆದರೆ ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯಾದರೂ ಮೈಯಲ್ಲೇ ಇರುತ್ತದೆ. ಎರಡು ಗಂಟೆಯ ಲೋಟವೇ ಕೊನೆ.

ನನಗೆ ಭಯವಿರುವುದು ನಾಲ್ಕರಿಂದ ಆರರ ಹೊತ್ತಿನ ಮೇಲೆ. ಮೈ ಶಾಖ ತೀರ ಇಳಿದಿರುತ್ತದೆ, ಕಣ್ಣು ನೋಡಿದ್ದು ತಲೆಗೆ ಹೋಗುವುದಿಲ್ಲ. ಒಮ್ಮೆ ಆರಕ್ಕೆ ಸ್ವಲ್ಪ ಮುಂಚೆ, ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ ವಯಲ್‌ನಿಂದ 20 ಯೂನಿಟ್ ಎಳೆಯಲು ಅದಕ್ಕೆ ಹೊಂದುವ ಕೆಂಪು ಕ್ಯಾಪಿನ ಸಿರಿಂಜ್ ಬದಲು, ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ಬಳಸುವ ಕಿತ್ತಳೆ ಕ್ಯಾಪಿನದು ತೆಗೆದುಕೊಂಡಿದ್ದೆ. ಗೆರೆ 20 ತೋರಿಸುತ್ತದೆ, ರೋಗಿಗೆ ಹೋಗುವುದು ಎಂಟೇ ಯೂನಿಟ್. "ಅಕ್ಕಾ, ಕ್ಯಾಪ್ ನೋಡಿ" ಅಂದಳು ಜೊತೆಗಿದ್ದ ಹುಡುಗಿ. ಅಂದಿನಿಂದ ಆ ಹೊತ್ತಿನಲ್ಲಿ ಇನ್ಸುಲಿನ್, ಪೊಟ್ಯಾಶಿಯಂ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಯಾವುದನ್ನೂ ನಾನೊಬ್ಬಳೇ ತಯಾರು ಮಾಡುವುದಿಲ್ಲ. ಒಬ್ಬರು ಎಳೆದರೆ ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ವಾರ್ಡ್ ಶಾಂತವಿದ್ದಾಗ ಮೂರರ ಸುಮಾರಿಗೆ ಇಪ್ಪತ್ತು ನಿಮಿಷ ಸರದಿಯಲ್ಲಿ ಒರಗುತ್ತೇವೆ. ಅದು ಕಳ್ಳನಿದ್ದೆಯಲ್ಲ, ಎಲ್ಲರಿಗೂ ಗೊತ್ತಿರುವ ನಿದ್ದೆ.

ಇನ್ನೂ ಹದಕ್ಕೆ ಬಾರದ್ದು ನೈಟ್ ಆಫ್ ದಿನ, ಅಂದರೆ ನೈಟ್‌ಗಳು ಮುಗಿದ ಮೇಲೆ ಸಿಗುವ ರಜೆ. ಬಂದು ಹನ್ನೆರಡೂವರೆವರೆಗೆ ಮಾತ್ರ ಮಲಗುತ್ತೇನೆ, ಸಂಜೆ ಮಗನನ್ನು ಕರೆದುಕೊಂಡು ಬಿಸಿಲಿರುವಾಗಲೇ ಒಂದು ಸುತ್ತು ನಡೆಯುತ್ತೇನೆ, ಹತ್ತಕ್ಕೆ ಹಾಸಿಗೆ. ಆದರೂ ಎರಡು ಗಂಟೆಗೆ ಎಚ್ಚರವಾಗಿ, ಯಾವ ಬೆಡ್ಡಿನ ಡ್ರಿಪ್ ಮುಗಿಯಿತೋ ಅಂತ ಎದ್ದು ಕೂರುತ್ತೇನೆ.