ಸೋಮವಾರದ ಹೊಟ್ಟೆನೋವು

ನಮ್ಮ ಶಾಲೆಯ ಮಕ್ಕಳಿಗೆ ಹೊಟ್ಟೆನೋವು ಬರುತ್ತಿದ್ದುದು ಹೆಚ್ಚಾಗಿ ಸೋಮವಾರ. ಹಾಜರಿ ಪುಸ್ತಕ ಕೂಡುವಾಗ ಒಂದು ದಿನ ಕಣ್ಣಿಗೆ ಬಿತ್ತು. ವಾರದ ಬೇರೆ ದಿನ ಒಬ್ಬರೋ ಇಬ್ಬರೋ ಬರದಿದ್ದರೆ ಸೋಮವಾರ ಆರು ಏಳು ಮಂದಿ ಇಲ್ಲ. ಅದರಲ್ಲೂ ಅದೇ ಅದೇ ಹೆಸರುಗಳು. ಶನಿವಾರ ನಾನು ಕೊಟ್ಟು ಕಳಿಸುತ್ತಿದ್ದುದು ಏನು ಅಂತ ನೆನಪಿಸಿಕೊಂಡೆ. ಇಡೀ ಪಾಠದ ಪ್ರಶ್ನೋತ್ತರ, ಎರಡು ಪುಟ ಕಾಪಿ, ಮಗ್ಗಿ. ಭಾನುವಾರ ಸುಮ್ನೆ ಹಾಳಾಗಬಾರದು ಅಂತ ನನ್ನ ಲೆಕ್ಕ.

ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ನನ್ನದು 4 ಮತ್ತು 5ನೇ ತರಗತಿ, ಎರಡೂ ಸೇರಿ 41 ಮಕ್ಕಳು. ಒಬ್ಬೊಬ್ಬರಿಂದ ಎರಡು ಪುಸ್ತಕ ಬಂದರೆ 82. ಒಂದು ಪುಸ್ತಕಕ್ಕೆ ಒಂದೇ ನಿಮಿಷ ಅಂದುಕೊಂಡರೂ ಒಂದು ಗಂಟೆ 22 ನಿಮಿಷ. ಅಷ್ಟು ಹೊತ್ತು ಎಲ್ಲಿಂದ ತರಲಿ? ಬಿಸಿಯೂಟದ ಹೊತ್ತಿನಲ್ಲಿ ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಕೆಂಪು ಪೆನ್ನು. ಪುಟ ತಿರುವು, ರೈಟ್ ಹಾಕು, ಸಹಿ ಮಾಡು. ಓದುತ್ತಿರಲಿಲ್ಲ. ಓದುತ್ತಿರಲಿಲ್ಲ ಅನ್ನುವುದು ಮಕ್ಕಳಿಗೂ ಗೊತ್ತಿತ್ತು. ಒಬ್ಬ ಹುಡುಗ ಪ್ರಶ್ನೋತ್ತರದ ನಡುವೆ ಇಡೀ ಕ್ರಿಕೆಟ್ ತಂಡದ ಹೆಸರು ಬರೆದಿದ್ದ. ಅದಕ್ಕೂ ನನ್ನ ರೈಟ್ ಗುರುತು ಬಿದ್ದಿತ್ತು.

ನಾನು ಬದಲಾಗಲು ಕಾರಣ ಆ ಕ್ರಿಕೆಟ್ ತಂಡವೇ ಅಂತ ಹೇಳಬೇಕು.

ಮೊದಲು ಮಾಡಿದ್ದು ಇಷ್ಟು. ನಾನು ಕೊಟ್ಟ ಒಂದು ಪುಟ ಕಾಪಿಯನ್ನು ರಾತ್ರಿ ಮನೆಯಲ್ಲಿ ಕೂತು ಎಡಗೈಯಲ್ಲಿ ಬರೆದೆ. ಕೈ ಇನ್ನೂ ಪಳಗದ ಮಗುವಿಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋಣ ಅನ್ನಿಸಿತು. ಒತ್ತಕ್ಷರ ಬಂದ ಕಡೆಯೆಲ್ಲ ಬೆರಳು ತಡವರಿಸುತ್ತಿತ್ತು. 34 ನಿಮಿಷ ಆಯಿತು. ಕೊನೆಯ ಐದು ಸಾಲಿನಲ್ಲಿ ಏನು ಬರೆದೆ ಅನ್ನುವುದು ನನಗೇ ಗೊತ್ತಿಲ್ಲ.

1 ಮತ್ತು 2ನೇ ತರಗತಿಗೆ ಹೋಂ ವರ್ಕ್ ಕೊಡಲೇಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಸುತ್ತೋಲೆ ಕಳಿಸಿತ್ತು. 2020ರ ಶಾಲಾ ಬ್ಯಾಗ್ ನೀತಿಯಲ್ಲಿ 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಅಂತಿದೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 20 ನಿಮಿಷ. ಎಲ್ಲ ವಿಷಯಕ್ಕೂ ಸೇರಿ! ನನ್ನ ಒಂದು ಪುಟ ಕಾಪಿಯೇ ಅದನ್ನು ದಾಟಿ ಹೋಗಿತ್ತು.

ಆಮೇಲೆ ಮಕ್ಕಳನ್ನೇ ಕೇಳಿದೆ. ಬಾಯಲ್ಲಿ ಕೇಳಿದರೆ "ಇಷ್ಟ ಮಿಸ್" ಅಂತ ಒಂದೇ ರಾಗ ಬರುತ್ತೆ. ಅದಕ್ಕೆ ಚೀಟಿ ಹಂಚಿದೆ. ಹೆಸರು ಬರೆಯಬೇಡಿ, ಹೋಂ ವರ್ಕ್ ಅಂದರೆ ಏನನ್ನಿಸುತ್ತೋ ಬರೆಯಿರಿ ಅಂದೆ. ಬೈಗುಳ ನಿರೀಕ್ಷೆ ಮಾಡಿದ್ದೆ. ಬಂದಿದ್ದು ಬೇರೆ. "ಬರೆಯೋದು ಬೇಜಾರಿಲ್ಲ, ನೀವು ಓದಲ್ಲ ಅದೇ ಬೇಜಾರು" ಅಂತ ಒಬ್ಬರು. "ಅಕ್ಕ ಬರೆದು ಕೊಡ್ತಾಳೆ, ಅವಳಿಗೆ ಐದು ರೂಪಾಯಿ" ಅಂತ ಇನ್ನೊಬ್ಬರು. "ಪ್ರಶ್ನೆ ಅರ್ಥ ಆಗದಿದ್ರೆ ಮನೇಲಿ ಯಾರನ್ನ ಕೇಳೋದು" ಅಂತ ನಾಲ್ಕೈದು ಚೀಟಿ. ಹೀಗೆ ಒಂದೊಂದೇ ಬಿಡಿಸುವಾಗ ಒಂದು ಚೀಟಿ ಕೈಯಲ್ಲೇ ಉಳಿಯಿತು. "ಜಾಸ್ತಿ ಕೊಡಿ ಮಿಸ್. ಬರೀತಾ ಇದ್ರೆ ಅಮ್ಮ ಕೆಲಸ ಹೇಳಲ್ಲ." ಅಕ್ಷರ ನೋಡಿದರೆ ಯಾರದ್ದು ಅಂತ ಗೊತ್ತಾಗುತ್ತೆ, ಅಲ್ವಾ? ಗೊತ್ತಾಗದವಳ ಹಾಗೆ ಇದ್ದೆ.

ಸ್ಟಾಫ್ ರೂಮಿನಲ್ಲಿ ಚೀಟಿಗಳನ್ನು ಓದಿ ಹೇಳಿದಾಗ ನಕ್ಕವರೂ ಇದ್ದರು, ಸಿಟ್ಟಾದವರೂ ಇದ್ದರು. ನಮ್ಮ ಹಿರಿಯ ಮೇಷ್ಟ್ರೊಬ್ಬರು, "ಕಾಪಿ ನಿಲ್ಲಿಸಿಬಿಡಿ, ಮೂರು ತಿಂಗಳಲ್ಲಿ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತೆ, ಆಮೇಲೆ ನನ್ನ ಕೇಳಬೇಡಿ" ಅಂದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿ, ಮತ್ತೆ ತೆರೆದಾಗ ಮಕ್ಕಳ ಕೈ ಎಷ್ಟು ನಿಧಾನ ಆಗಿತ್ತು ಅಂತ ನಾವೆಲ್ಲ ನೋಡಿದ್ದೇವೆ. ಹಾಗಾಗಿ ಕಾಪಿಯನ್ನು ಪೂರ್ತಿ ಬಿಡಲಿಲ್ಲ. ಐದು ಸಾಲಿಗೆ ಇಳಿಸಿದೆ. ಆ ಐದು ಸಾಲನ್ನು ಶಾಲೆ ಬಿಡುವ ಮುಂಚೆ ನನ್ನ ಮುಂದೆಯೇ ಶುರು ಮಾಡಬೇಕು. ಯಾರಿಗೆ ಅರ್ಥ ಆಗಿಲ್ಲ ಅನ್ನುವುದು ಮನೆಗೆ ಹೋಗುವ ಮುಂಚೆಯೇ ಗೊತ್ತಾಗುತ್ತೆ. ಮಗ್ಗಿಯೂ ಹಾಗೇ ಉಳಿಯಿತು. ಮಗ್ಗಿ ವಿಷಯದಲ್ಲಿ ನಾನು ಹಳೇ ಕಾಲದವಳೇ.

ತಿದ್ದುವುದಕ್ಕೆ ದಿನಕ್ಕೆ ಹತ್ತೇ ಪುಸ್ತಕ. ಆದರೆ ಆ ಹತ್ತನ್ನು ಪೂರ್ತಿ ಓದಿ, ಕೊನೆಗೆ ಒಂದು ಸಾಲು ನಾನೂ ಬರೆಯುತ್ತೇನೆ. ಉಳಿದವರು ಪುಸ್ತಕ ಬದಲಾಯಿಸಿಕೊಂಡು ಬೋರ್ಡು ನೋಡಿ ತಿದ್ದಿಕೊಳ್ಳುತ್ತಾರೆ. ಆ ದಿನ ಯಾವ ಹತ್ತು ಅಂತ ಮೊದಲೇ ಹೇಳುವುದಿಲ್ಲ. ಅಷ್ಟು ಕಿಲಾಡಿತನ ನನಗೂ ಇರಬೇಕಲ್ಲ.

ನನಗೇ ಖುಷಿ ಕೊಟ್ಟಿದ್ದು ಹಾಲಿನ ಲೆಕ್ಕ. 5ನೇ ತರಗತಿಗೆ ದಶಮಾಂಶ ಹೇಳಿಕೊಡುತ್ತಿದ್ದೆ, ತಲೆಗೆ ಹೋಗುತ್ತಿರಲಿಲ್ಲ. ಬೆಳಗ್ಗೆ, ಸಂಜೆ ಡೈರಿಗೆ ಎಷ್ಟು ಹಾಲು ಹಾಕಿದಿರಿ ಅಂತ ಕಾರ್ಡು ನೋಡಿ ಬರೆದುಕೊಂಡು ಬನ್ನಿ, ಕೂಡಿಸಿ ಅಂದೆ. ಹಸು ಇಲ್ಲದವರು ಪಕ್ಕದ ಮನೆಯ ಕಾರ್ಡು ನೋಡಿದರು. ಬೆಳಗ್ಗೆ 3.4, ಸಂಜೆ 2.8, ಒಟ್ಟು 6.2 ಅಂತ ಒಬ್ಬ ಸರಿಯಾಗೇ ಬರೆದುಕೊಂಡು ಬಂದ. ಕೆಳಗೆ ಬಿಡಿಸಿ ಬರೆದಿದ್ದ: ಆರು ಲೀಟರ್ ಎರಡು ಮಿಲಿ. ಅದರ ಪಕ್ಕದಲ್ಲೇ ಅವನಪ್ಪ ಪೆನ್ಸಿಲಿನಲ್ಲಿ ಗೀಚಿದ್ದರು: "ಇನ್ನೂರು ಮಿಲಿ ಕಣೋ, ಎರಡು ಮಿಲಿ ಅಂದ್ರೆ ನಾಲ್ಕು ಹನಿಗೆ ಯಾರು ದುಡ್ಡು ಕೊಡ್ತಾರೆ." ನಾನು ಒಂದು ವಾರ ಬೋರ್ಡಿನ ಮೇಲೆ ಹೆಣಗಿದ್ದು ಅವರ ಒಂದು ಸಾಲಿನಲ್ಲಿ ಮುಗಿದಿತ್ತು.

ಎಲ್ಲವೂ ಹೀಗೆ ಕೈಹಿಡಿಯಲಿಲ್ಲ. "ಅಪ್ಪನ ಕೆಲಸದ ಬಗ್ಗೆ ಕೇಳಿ ಬನ್ನಿ" ಅಂತ ಒಮ್ಮೆ ಕೊಟ್ಟುಬಿಟ್ಟೆ. ಅಪ್ಪ ಇಲ್ಲದ ಮಗು ಖಾಲಿ ಪುಟ ತಂದಿತ್ತು. ಆವತ್ತಿನಿಂದ "ಮನೆಯಲ್ಲಿ ಒಬ್ಬರನ್ನು" ಅಂತಲೇ ಬರೆಸುತ್ತೇನೆ.

ದಸರಾ ರಜೆಗೆ ಅಂತ ಕೊಡುತ್ತಿದ್ದ ದಪ್ಪ ಹೋಂ ವರ್ಕನ್ನೂ ಬಿಟ್ಟೆ. ಅದನ್ನು ಎಲ್ಲರೂ ರಜೆಯ ಕೊನೆಯ ರಾತ್ರಿಯೇ ಬರೆಯುತ್ತಿದ್ದರು. ಅದರ ಬದಲು ಒಬ್ಬೊಬ್ಬರಿಗೂ ಒಂದು ಪೋಸ್ಟ್ ಕಾರ್ಡು ಕೊಟ್ಟೆ. ಒಂದಕ್ಕೆ 50 ಪೈಸೆ, 41ಕ್ಕೆ ಇಪ್ಪತ್ತೂವರೆ ರೂಪಾಯಿ. ರಜೆಯಲ್ಲಿ ನೋಡಿದ್ದನ್ನು ಬರೆದು ಶಾಲೆಯ ವಿಳಾಸಕ್ಕೆ ಹಾಕಿ ಅಂದೆ. ಪಿನ್ ಕೋಡಿನ ಆರು ಅಂಕಿ ಎಲ್ಲರಿಗೂ ಬಾಯಿಪಾಠ ಆಯಿತು. ಶಾಲೆ ತೆರೆದ ದಿನ ಪೋಸ್ಟ್ ಮ್ಯಾನ್ ಒಂದು ಕಟ್ಟು ತಂದುಕೊಟ್ಟರು, 29 ಇದ್ದವು. ಒಬ್ಬ ಮಾತ್ರ ಶಾಲೆಯ ವಿಳಾಸದ ಜಾಗದಲ್ಲಿ ತನ್ನದೇ ಮನೆಯ ವಿಳಾಸ ಬರೆದಿದ್ದ. ಕಾರ್ಡು ಅವನ ಮನೆಗೇ ಹೋಗಿ, ಅವನಿಗೆ ಜೀವನದ ಮೊದಲ ಪತ್ರ ಬಂದ ಸಂಭ್ರಮ.

ಪೋಷಕರಿಗೆ ಇದೆಲ್ಲ ಅಷ್ಟು ರುಚಿಸಿಲ್ಲ. "ಕಾನ್ವೆಂಟಿಗೆ ಹೋಗೋ ಪಕ್ಕದ ಮನೆ ಹುಡುಗ ರಾತ್ರಿ ಒಂಬತ್ತರ ತನಕ ಬರೀತಾನೆ, ನಮ್ಮದು ಆರೂವರೆಗೇ ಟೀವಿ ಮುಂದೆ" ಅಂತ ಸಭೆಯಲ್ಲಿ ದೂರು ಬರುತ್ತಲೇ ಇರುತ್ತೆ. ಉತ್ತರ ಹೇಳಿ ಹೇಳಿ ನನಗೂ ಸಾಕಾಗಿದೆ. ಸೋಮವಾರದ ಹೊಟ್ಟೆನೋವು ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಕೆಲವು ನಿಜವಾದ ಹೊಟ್ಟೆನೋವೂ ಇರಬಹುದು.

ಹೋದ ತಿಂಗಳು ಆ "ಜಾಸ್ತಿ ಕೊಡಿ" ಚೀಟಿಯ ಹುಡುಗಿಯ ತಾಯಿ ಶಾಲೆಯ ಗೇಟಿನಲ್ಲಿ ಸಿಕ್ಕರು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು.

"ಮಿಸ್, ಈಗ ಹೋಂ ವರ್ಕ್ ಬರೀ ಇಪ್ಪತ್ತು ನಿಮಿಷದ್ದಂತೆ? ಇವಳು ನೋಡಿದ್ರೆ ಒಂದು ಗಂಟೆ ಪುಸ್ತಕ ಹಿಡ್ಕೊಂಡು ಕೂರ್ತಾಳೆ."

ನಾನು ಹುಡುಗಿಯ ಮುಖ ನೋಡಲಿಲ್ಲ.

"ಹೌದಮ್ಮ, ಇವಳಿಗೆ ಸ್ವಲ್ಪ ಜಾಸ್ತಿ ಕೊಡ್ತೀನಿ" ಅಂದೆ.